ಸುಲ್ತಾನ್‌ಪೇಟೆ ತೋಪಿನ ಪುಟ್ಟ ದಂಡು: 116 ಬೊಂಬೆಗಳಿಗೆ ಬಣ್ಣ ಹಚ್ಚಿದ ಬಗೆ

ನವರಾತ್ರಿಗೆ ಮುಂಚೆ ಅಟ್ಟದಿಂದ ಬೊಂಬೆಗಳನ್ನು ಇಳಿಸುವ ದಿನ ಅಮ್ಮ ನನಗೆ ಒಂದೇ ಕೆಲಸ ಕೊಡುತ್ತಿದ್ದರು. ಕೆಳಗಿನ ಮೆಟ್ಟಿಲಿನ ಮೆರವಣಿಗೆ ನನ್ನದು. ಮುಂದೆ ಆನೆ, ಅದರ ಹಿಂದೆ ಕುದುರೆ, ಆಮೇಲೆ ಎರಡು ಸಾಲು ಮಣ್ಣಿನ ಸಿಪಾಯಿಗಳು. ಒಬ್ಬೊಬ್ಬನನ್ನೇ ಕೈಗೆತ್ತಿಕೊಂಡು ನೋಡಿದರೆ ಮೂಗು ಸೊಟ್ಟ, ಮೀಸೆ ಓರೆ, ಬೆನ್ನಿಗೆ ಬಣ್ಣವೇ ಇಲ್ಲ. ಸಾಲಾಗಿ ನಿಲ್ಲಿಸಿ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದರೆ ಅದು ದಂಡು. ಮೇಜಿನ ಮೇಲೆ ಬೊಂಬೆ ಸೈನಿಕರನ್ನು ನಡೆಸಿ, ದಾಳ ಎಸೆದು ಆಡುವ ಯುದ್ಧದ ಆಟಕ್ಕೆಂದು ಪುಟ್ಟ ಸೈನ್ಯ ಕಟ್ಟಲು ಹೊರಡುವವರಿಗೆ ನಾನು ಮೊದಲು ಹೇಳುವ ಮಾತೂ ಇದೇ. ನೀವು ಬಣ್ಣ ಹಚ್ಚುತ್ತಿರುವುದು ಸೈನಿಕನಿಗಲ್ಲ, ಸಾಲಿಗೆ. ಮೇಜಿನ ಆಚೆ ಕುಳಿತವರ ಕಣ್ಣಿಗೆ, ಅಂದರೆ ಮೂರಡಿ ದೂರಕ್ಕೆ, ಆ ಸಾಲು ಒಂದೇ ಉಸಿರಿನಲ್ಲಿ ಕಾಣಬೇಕು.

ನಾನು ವೃತ್ತಿಯಿಂದ ದಂತ ಪ್ರಯೋಗಾಲಯದ ತಂತ್ರಜ್ಞೆ. 28 ವರ್ಷಗಳಿಂದ ಮೈಸೂರಿನಲ್ಲಿ ಪಿಂಗಾಣಿ ಹಲ್ಲುಗಳನ್ನು ಮಾಡುತ್ತಿದ್ದೇನೆ. ಆರು ವರ್ಷಗಳ ಹಿಂದೆ ಅಣ್ಣನ ಮಗ ಒಂದು ಡಬ್ಬಿಯಲ್ಲಿ ಎಂಟು ಲೋಹದ ಸೈನಿಕರನ್ನು ತಂದು, "ಅತ್ತೆ, ಹಲ್ಲಿಗೇ ಬಣ್ಣ ಕೊಡುತ್ತೀರಿ, ಇವರಿಗೂ ಕೊಡಿ" ಎಂದ. ಆ ಎಂಟು ಜನ 116 ಆದದ್ದು ಹೇಗೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಯುದ್ಧವನ್ನು ಆರಿಸಿ, ಆಮೇಲೆ ಬೊಂಬೆ

ಹೆಚ್ಚಿನವರು ಮೊದಲು ಬೊಂಬೆ ಕೊಳ್ಳುತ್ತಾರೆ. ಕಣ್ಣಿಗೆ ಚೆಂದ ಕಂಡ ಕುದುರೆ ಸವಾರ, ರಿಯಾಯಿತಿಯಲ್ಲಿ ಸಿಕ್ಕ ಫಿರಂಗಿ, ಇನ್ನಾವುದೋ ಕಾಲದ ಬಿಲ್ಲುಗಾರರು. ಎರಡು ವರ್ಷದಲ್ಲಿ ಕಪಾಟು ತುಂಬುತ್ತದೆ. ಆದರೆ ಎದುರುಬದುರು ನಿಲ್ಲಿಸಿ ಆಡಲು ಒಂದು ಜೋಡಿ ಪಡೆಯೂ ಇರುವುದಿಲ್ಲ. ಒಂದು ಚಿಕ್ಕ ಕಾಳಗವನ್ನು ಆರಿಸಿಕೊಳ್ಳಿ. ಎರಡೂ ಕಡೆಯನ್ನು ನೀವೇ ಮಾಡಿ. ಆಟ ಆಡಲು ಬರುವವರು ಬರಿಗೈಯಲ್ಲಿ ಬಂದರೂ ಸಾಕಾಗುವಂತಿರಲಿ.

ನಾನು ಹುಟ್ಟಿದ್ದು ಶ್ರೀರಂಗಪಟ್ಟಣದಲ್ಲಿ. ದರಿಯಾ ದೌಲತ್ ಬಾಗ್‌ನ ಪಡುವಣ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ದೊಡ್ಡ ಚಿತ್ರವಿದೆ. ಪಲ್ಲಕ್ಕಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ಬೈಲಿ, ಅವನ ಸುತ್ತ ಚೌಕಾಕಾರವಾಗಿ ನಿಂತ ಕೆಂಪು ಕೋಟಿನವರು, ಸಿಡಿಯುತ್ತಿರುವ ಮದ್ದಿನ ಬಂಡಿ. ಶಾಲೆಗೆ ಹೋಗುವಾಗ ಎಷ್ಟು ಸಲ ಅದರ ಮುಂದೆ ನಿಂತಿದ್ದೇನೋ ಲೆಕ್ಕವಿಲ್ಲ. ಹಾಗಾಗಿ ನನ್ನ ಮೊದಲ ಆಸೆ ಪೊಳ್ಳಿಲೂರೇ ಆಗಿತ್ತು. ಬೈಲಿಯ ಪಡೆ ಒಂದರಲ್ಲೇ ಸುಮಾರು 3,800 ಜನ. ಒಂದು ಬೊಂಬೆ 50 ಜನಕ್ಕೆ ಸಮ ಎಂದು ಹಿಡಿದರೂ ಅವನ ಕಡೆಗೇ 76 ಬೊಂಬೆ. ಹೈದರ್ ಮತ್ತು ಟಿಪ್ಪುವಿನ ಕಡೆಗೆ ಅದರ ಹಲವು ಪಟ್ಟು, ಅದರ ಮೇಲೆ ಕುದುರೆ ದಂಡು. ಮೊದಲ ಸೈನ್ಯಕ್ಕೆ ಅದು ಹೊರೆ.

ನಾನು ಆರಿಸಿಕೊಂಡದ್ದು ಸುಲ್ತಾನ್‌ಪೇಟೆ ತೋಪು. 1799ರ ಏಪ್ರಿಲ್ 5ರ ರಾತ್ರಿ, ಬ್ರಿಟಿಷರು ಟಿಪ್ಪುವಿನ ಶ್ರೀರಂಗಪಟ್ಟಣಕ್ಕೆ ಹಾಕಿದ ಕೊನೆಯ ಮುತ್ತಿಗೆ ಶುರುವಾಗುವ ಹೊತ್ತಿನಲ್ಲಿ, ಕರ್ನಲ್ ಆರ್ಥರ್ ವೆಲ್ಲೆಸ್ಲಿ ಬ್ರಿಟಿಷ್ ಸೇನೆಯ 33ನೇ ರೆಜಿಮೆಂಟ್ ಮತ್ತು ಮದ್ರಾಸಿನ ಸಿಪಾಯಿಗಳೊಂದಿಗೆ ಕತ್ತಲಲ್ಲಿ ಈ ತೋಪಿಗೆ ನುಗ್ಗಿದ. ದಟ್ಟ ಮರ, ಅಡ್ಡಾದಿಡ್ಡಿ ನೀರಿನ ಕಾಲುವೆ, ಎದುರಿನಿಂದ ಮೈಸೂರಿನವರ ಬಂದೂಕು ಮತ್ತು ರಾಕೆಟ್. ಅವನ ಸಾಲು ಚೆದುರಿತು, ಹನ್ನೆರಡು ಜನ ಸೆರೆ ಸಿಕ್ಕರು, ಅವನ ಮೊಣಕಾಲಿಗೂ ಪೆಟ್ಟಾಯಿತು. ಮರುದಿನ ಬೆಳಗ್ಗೆ ಹೆಚ್ಚಿನ ಪಡೆಯೊಂದಿಗೆ ಬಂದು ತೋಪನ್ನು ಹಿಡಿದ. ಹದಿನಾರು ವರ್ಷಗಳ ನಂತರ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನೂ ಇವನೇ. ಒಂದು ಮೇಜಿಗೆ ಒಪ್ಪುವಷ್ಟು ಜಾಗ, ಕೆಲವೇ ಬಗೆಯ ಕಾಲಾಳು, ಕುದುರೆಗಳೇ ಬೇಡ, ರಾತ್ರಿ ಒಂದು ಆಟ, ಬೆಳಗ್ಗೆ ಇನ್ನೊಂದು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಕಾಳಗ ನನಗೆ ಸಿಕ್ಕಿಲ್ಲ.

ಲೆಕ್ಕ ಹೀಗಿದೆ: ಮೈಸೂರಿನ ಕಾಲಾಳು 48, ರಾಕೆಟ್‌ನವರು 8, 33ನೇ ರೆಜಿಮೆಂಟಿನವರು 24, ಮದ್ರಾಸ್ ಸಿಪಾಯಿಗಳು 32, ನಾಯಕರು 4. ದಿನಕ್ಕೆ ಒಂದು ಗಂಟೆ, ವಾರಕ್ಕೆ ಐದು ದಿನ ಎಂಬಂತೆ ನನಗೆ ಒಂಬತ್ತು ತಿಂಗಳು ಹಿಡಿಯಿತು.

ಅಳತೆಯ ಬಗ್ಗೆ ಒಂದು ಮಾತು. ಈ ಹವ್ಯಾಸದಲ್ಲಿ 6, 10, 15, 28 ಮಿಲಿಮೀಟರ್ ಎಂದೆಲ್ಲ ಹೇಳುತ್ತಾರೆ. ಅದು ನಿಂತ ಬೊಂಬೆಯ ಅಂಗಾಲಿನಿಂದ ಕಣ್ಣಿನವರೆಗಿನ ಎತ್ತರ ಎಂದಿಟ್ಟುಕೊಳ್ಳಿ. ದೊಡ್ಡ ಬಯಲು ಯುದ್ಧಕ್ಕೆ 6 ಅಥವಾ 10 ಚೆನ್ನ. ಪೊಳ್ಳಿಲೂರನ್ನು ಮುಂದೆ ನಾನು 10ರಲ್ಲೇ ಮಾಡುತ್ತೇನೆ. ತೋಪಿನೊಳಗಿನ ಕೈಕೈ ಕಾಳಗಕ್ಕೆ 28 ಚೆನ್ನ. ಲೋಹದ ಬೊಂಬೆಗಳನ್ನು ಹೊರದೇಶದಿಂದ ತರಿಸಿದಾಗ ಸಾಗಣೆ, ಸುಂಕ ಸೇರಿ ನನಗೆ ಒಂದಕ್ಕೆ ಸುಮಾರು 300 ರೂಪಾಯಿ ಬಿತ್ತು. ಅರ್ಧದಷ್ಟನ್ನು ಮಾತ್ರ ಹಾಗೆ ತರಿಸಿ, ಉಳಿದವನ್ನು ವಿನ್ಯಾಸದ ಕಡತ ಕೊಂಡು ರಾಳದ ತ್ರೀಡಿ ಪ್ರಿಂಟರ್‌ನಲ್ಲಿ ಮಾಡಿಸಿದೆ. ಎರಡೂ ಒಂದೇ ಸಾಲಿನಲ್ಲಿ ನಿಂತಾಗ ಬಣ್ಣ ಒಂದೇ ಆಗಿದ್ದರೆ ಯಾರಿಗೂ ವ್ಯತ್ಯಾಸ ತಿಳಿಯುವುದಿಲ್ಲ.

ತೊಳೆಯುವುದು, ಉಜ್ಜುವುದು, ನಿಲ್ಲಿಸುವುದು

ಅಚ್ಚಿನ ಎರಡು ಭಾಗ ಕೂಡುವ ಕಡೆ ಬೊಂಬೆಯ ಪಕ್ಕೆಯಲ್ಲಿ ತೆಳುವಾದ ಗೆರೆ ಉಳಿದಿರುತ್ತದೆ. ಬರಿಗಣ್ಣಿಗೆ ಕಾಣದಿದ್ದರೂ ಬಣ್ಣ ಬಿದ್ದ ಮೇಲೆ ಎದ್ದು ಕಾಣುತ್ತದೆ. ಚಿಕ್ಕ ಅರದಿಂದ ಒಂದೇ ದಿಕ್ಕಿಗೆ ಉಜ್ಜಿ ತೆಗೆಯಿರಿ. ಲೋಹವಾಗಲಿ ರಾಳವಾಗಲಿ, ನೀರು ತಾಗಿಸಿಕೊಂಡು ಉಜ್ಜಿ, ಮುಖಕ್ಕೆ ಮಾಸ್ಕ್ ಇರಲಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ಪ್ರಯೋಗಾಲಯದಲ್ಲಿ ದೂಳನ್ನು ಹಗುರವಾಗಿ ತೆಗೆದುಕೊಂಡ ಹಿರಿಯರ ಶ್ವಾಸಕೋಶ ಏನಾಯಿತೆಂದು ಕಂಡವಳು ನಾನು. ಹಳೆಯ ಲೋಹದ ಬೊಂಬೆಗಳಲ್ಲಿ ಸೀಸ ಇರಬಹುದು. ಅವನ್ನು ಮುಟ್ಟಿದ ಮೇಲೆ ಕೈ ತೊಳೆಯದೆ ಏನನ್ನೂ ತಿನ್ನಬೇಡಿ, ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ.

ಆಮೇಲೆ ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ಒಣಗಿಸಿ. ಅಚ್ಚಿನಿಂದ ಸುಲಭವಾಗಿ ಬಿಡಲೆಂದು ಹಾಕಿದ ಪುಡಿಯೋ ಜಿಡ್ಡೋ ಉಳಿದಿದ್ದರೆ ಬಣ್ಣ ಸಿಪ್ಪೆಯಂತೆ ಏಳುತ್ತದೆ.

ನಾಲ್ಕು ನಾಲ್ಕು ಬೊಂಬೆಗಳನ್ನು ಐಸ್‌ಕ್ರೀಮ್ ಕಡ್ಡಿಗೆ ಒಂದೊಂದು ತೊಟ್ಟು ಅಂಟಿನಲ್ಲಿ ಕೂರಿಸುತ್ತೇನೆ, ನಡುವೆ ಹೆಬ್ಬೆರಳಿನಷ್ಟು ಜಾಗ ಬಿಟ್ಟು. ಹಾಗೆ ಎರಡು ಕಡ್ಡಿ, ಎಂಟು ಬೊಂಬೆ, ಒಂದು ಕಂತು. ಎಂಟಕ್ಕಿಂತ ಹೆಚ್ಚು ಹಿಡಿದರೆ ಅದೇ ಬಣ್ಣವನ್ನು ಬಳಿದು ಬಳಿದು ಮನಸ್ಸು ಜಡವಾಗುತ್ತದೆ. ಕಡಿಮೆ ಹಿಡಿದರೆ ಕಲಸಿದ ಬಣ್ಣ ಪೋಲಾಗುತ್ತದೆ.

ಪ್ರೈಮರ್ ಮತ್ತು ನಮ್ಮ ಮಳೆಗಾಲ

ಪ್ರೈಮರ್ ಇಲ್ಲದೆ ಲೋಹದ ಮೇಲೆ ಬಣ್ಣ ನಿಲ್ಲುವುದಿಲ್ಲ. ಸ್ಪ್ರೇ ಡಬ್ಬಿಯನ್ನು ಎರಡು ನಿಮಿಷ ಚೆನ್ನಾಗಿ ಕುಲುಕಿ, ಒಂದಡಿಗಿಂತ ಸ್ವಲ್ಪ ಹತ್ತಿರದಿಂದ, ಬೊಂಬೆಯ ಪಕ್ಕದ ಗಾಳಿಯಲ್ಲಿ ಶುರುಮಾಡಿ, ಬೊಂಬೆಯನ್ನು ದಾಟಿ, ಗಾಳಿಯಲ್ಲೇ ನಿಲ್ಲಿಸಬೇಕು. ಮೊದಲು ಎಲ್ಲ ಕಡೆಯಿಂದ ಕಪ್ಪು. ಒಣಗಿದ ಮೇಲೆ ತಲೆಯ ಮೇಲಿಂದ ಮಾತ್ರ ಬಿಳಿ. ಆಗ ಬಿಸಿಲು ಬಿದ್ದ ಕಡೆ ಬಿಳುಪು, ಕಂಕುಳಲ್ಲಿ, ಪೇಟದ ಕೆಳಗೆ ಕಪ್ಪು ತಾನೇ ಉಳಿಯುತ್ತದೆ. ಮುಂದೆ ಹಚ್ಚುವ ತೆಳು ಬಣ್ಣಕ್ಕೆ ನೆರಳು ಅಲ್ಲಿಂದಲೇ ಬರುತ್ತದೆ.

ಇದಕ್ಕೆ ಹೊತ್ತು ನೋಡಬೇಕು. ಮೈಸೂರಿನಲ್ಲಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಬೆಳಗ್ಗೆ ಹತ್ತರ ಮೇಲೆ ತಾರಸಿಯಲ್ಲಿ ನಿಶ್ಚಿಂತೆಯಿಂದ ಮಾಡಬಹುದು. ಜುಲೈನಲ್ಲಿ ಬೇಡ. ಮೊದಲ ವರ್ಷ ನಾನು 24 ಜನ ಕೆಂಪು ಕೋಟಿನವರನ್ನು ಮುಗಿಸಿ, ಮಳೆ ನಿಂತ ಒಂದು ಸಂಜೆ, ಕೊನೆಯ ಮ್ಯಾಟ್, ಅಂದರೆ ಹೊಳಪಿಲ್ಲದ, ವಾರ್ನಿಷ್ ಸಿಂಪಡಿಸಿದೆ. ಅರ್ಧ ಗಂಟೆಯಲ್ಲಿ ಇಡೀ ರೆಜಿಮೆಂಟ್ ಹಿಟ್ಟಿನಲ್ಲಿ ಹೊರಳಿದಂತೆ ಬೆಳ್ಳಗಾಯಿತು. ಗಾಳಿಯ ತೇವ ವಾರ್ನಿಷ್ ಪದರದಲ್ಲಿ ಸಿಕ್ಕಿಬಿದ್ದರೆ ಹೀಗಾಗುತ್ತದೆ. ಎರಡು ತಿಂಗಳ ಕೆಲಸ. ಆ ರಾತ್ರಿ ಊಟ ಸೇರಲಿಲ್ಲ. ಮರುದಿನ ಕುಂಚದಿಂದ ಹೊಳಪಿನ ವಾರ್ನಿಷ್ ಅನ್ನು ತೆಳ್ಳಗೆ ಹಚ್ಚಿ ನೋಡಿದೆ, ಬಹುಪಾಲು ಬಿಳುಪು ಕರಗಿಹೋಯಿತು. ಅದರ ಮೇಲೆ ಕುಂಚದಿಂದಲೇ ಮ್ಯಾಟ್. ನಿಮಗೂ ಹೀಗಾದರೆ ಕೆರೆದು ತೆಗೆಯುವ ಮೊದಲು ಈ ಉಪಾಯ ಮಾಡಿ. ಮಳೆಗಾಲದಲ್ಲಿ ಪ್ರೈಮರ್, ವಾರ್ನಿಷ್ ಎರಡನ್ನೂ ಕುಂಚದಿಂದಲೇ ಹಚ್ಚುವುದು ನನ್ನ ಈಗಿನ ಪದ್ಧತಿ. ಕರಾವಳಿ, ಮಲೆನಾಡಿನವರು ವರ್ಷವಿಡೀ ಹಾಗೆ ಮಾಡಿದರೆ ಒಳ್ಳೆಯದು.

ಕುಂಚ ಮತ್ತು ತೇವದ ಪ್ಯಾಲೆಟ್

ಚಿಕ್ಕ ಬೊಂಬೆಗೆ ಚಿಕ್ಕ ಕುಂಚ ಬೇಕೆಂದು ಎಲ್ಲರೂ ಮೂರು ಸೊನ್ನೆಯ ಕುಂಚ ಕೊಳ್ಳುತ್ತಾರೆ. ಅದರಲ್ಲಿ ಬಣ್ಣ ನಿಲ್ಲುವುದೇ ಒಂದು ತೊಟ್ಟು. ಬೊಂಬೆ ಮುಟ್ಟುವಷ್ಟರಲ್ಲಿ ತುದಿ ಒಣಗಿರುತ್ತದೆ. ನಾವು ಪಿಂಗಾಣಿ ಹಲ್ಲು ಕಟ್ಟುವುದು ಕೊಲಿನ್ಸ್ಕಿ ಎಂಬ ಪ್ರಾಣಿಯ ಕೂದಲಿನ ದಪ್ಪ ಹೊಟ್ಟೆಯ ಕುಂಚದಲ್ಲಿ. ಹೊಟ್ಟೆಯಲ್ಲಿ ನೀರು ನಿಲ್ಲುತ್ತದೆ, ತುದಿ ಸೂಜಿಯಂತೆ ಕೂಡುತ್ತದೆ. ಒಳ್ಳೆಯ ತುದಿಯ 1 ಅಥವಾ 2ನೇ ನಂಬರಿನ ಒಂದು ಕುಂಚ ಸಾಕು, ಮೀಸೆಯನ್ನೂ ಅದರಲ್ಲೇ ಬರೆಯಬಹುದು. ಬಣ್ಣ ತಗಡಿನ ಪಟ್ಟಿಯವರೆಗೆ ಏರದಂತೆ ನೋಡಿಕೊಳ್ಳಿ, ಅಲ್ಲಿ ಒಣಗಿದರೆ ಕೂದಲು ಕವಲೊಡೆಯುತ್ತದೆ. ಕೆಲಸ ಮುಗಿದ ಮೇಲೆ ತಣ್ಣೀರು, ಸೋಪು, ಬೆರಳಿನಲ್ಲಿ ತುದಿ ತೀಡಿ, ಮಲಗಿಸಿ ಒಣಗಿಸಿ. ಒರಟು ಕೆಲಸಕ್ಕೆ, ಲೋಹದ ಬಣ್ಣಕ್ಕೆ ಅಗ್ಗದ ಸಿಂಥೆಟಿಕ್ ಕುಂಚ ಬೇರೆ ಇಡಿ.

ಬಣ್ಣ ಅಕ್ರಿಲಿಕ್. ಬೊಂಬೆಗೆಂದೇ ಮಾಡಿದ, ಡ್ರಾಪರ್ ಬಾಟಲಿಯಲ್ಲಿ ಬರುವ ವ್ಯಾಲೆಹೋ ಮುಂತಾದ ಕಂಪನಿಗಳ ಬಣ್ಣಗಳು ನುಣುಪಾಗಿ ಹರಡುತ್ತವೆ. ಪುಸ್ತಕದಂಗಡಿಯಲ್ಲಿ ಸಿಗುವ ಸಾಮಾನ್ಯ ಅಕ್ರಿಲಿಕ್ ನೆಲಕ್ಕೆ, ಮರಕ್ಕೆ, ಗೋಡೆಗೆ ಸರಿ. ಸೈನಿಕರ ಕೋಟಿಗೆ ಬೇಡ, ಅದರ ಕಣ ದಪ್ಪ. ಏಪ್ರಿಲ್ ಬಿಸಿಲಿನಲ್ಲಿ ತಟ್ಟೆಗೆ ಹಾಕಿದ ಬಣ್ಣ ಐದು ನಿಮಿಷಕ್ಕೆ ಗಟ್ಟಿಯಾಗುತ್ತದೆ. ಅದಕ್ಕೆ ಒಂದು ಅಗಲವಾದ ಸ್ಟೀಲ್ ಡಬ್ಬಿ ತೆಗೆದುಕೊಳ್ಳಿ, ತಳದಲ್ಲಿ ಪಾತ್ರೆ ಒರೆಸುವ ತೆಳು ಸ್ಪಂಜು, ಅದು ಮುಳುಗುವಷ್ಟು ಕುಡಿಯುವ ನೀರು, ಮೇಲೆ ಬೇಕಿಂಗ್ ಹಾಳೆ. ಹಾಳೆಯ ಮೇಲೆ ಬಣ್ಣ. ಮುಚ್ಚಳ ಹಾಕಿಟ್ಟರೆ ಮರುದಿನ ಸಂಜೆಯೂ ಅದೇ ಬಣ್ಣ ಸಿಗುತ್ತದೆ. ಒಂದು ಪಡೆಯ 16 ಜನಕ್ಕೂ ಒಂದೇ ನೇರಳೆ ಬೇಕೆಂದರೆ ಇದು ಇಲ್ಲದೆ ಆಗದು.

ಎಷ್ಟು ನೀರು? ಉಗುರಿನ ಮೇಲೆ ಒಂದು ಗೆರೆ ಎಳೆಯಿರಿ. ಗೆರೆ ಎಳೆದಲ್ಲೇ ನಿಂತು, ಕೆಳಗಿನ ಉಗುರು ತುಸು ಕಾಣುತ್ತಿದ್ದರೆ ಸರಿ. ಓಡಿದರೆ ನೀರು ಜಾಸ್ತಿ, ಕುಂಚದ ಗುರುತು ಉಳಿದರೆ ಕಡಿಮೆ. ದಪ್ಪಗೆ ಒಂದು ಸಲ ಬಳಿಯುವುದಕ್ಕಿಂತ ತೆಳ್ಳಗೆ ಎರಡು ಸಲ.

ಮೈಸೂರಿನ ಕಾಲಾಳು: ನೇರಳೆ, ಚುಕ್ಕಿ, ಕೆಂಪು

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಈ ಸೈನ್ಯದ ಜೀವ ಇರುವುದು ಈ ಕೋಟಿನಲ್ಲಿ.

ಟಿಪ್ಪುವಿನ ಕಾಯಂ ಕಾಲಾಳುಗಳ ಉಡುಪನ್ನು ಎದುರುಪಕ್ಷದ ಅಧಿಕಾರಿಗಳೇ 1790ರ ದಶಕದಲ್ಲಿ ಬರೆದಿಟ್ಟಿದ್ದಾರೆ. ಕೆಲವರದು ಹಸಿರು, ಹೆಚ್ಚಿನವರದು ನೇರಳೆ ಉಣ್ಣೆಬಟ್ಟೆಯ ಅಂಗಿ, ಅದರ ತುಂಬ ದುಂಡನೆಯ ಅಥವಾ ವಜ್ರಾಕಾರದ ಬಿಳಿ ಚುಕ್ಕಿ. ಹುಲಿ ಅಂಗಿ ಎಂದೇ ಅದಕ್ಕೆ ಹೆಸರು. ತಲೆಗೆ ಕೆಂಪು ಮಸ್ಲಿನ್ ಪೇಟ, ಸೊಂಟಕ್ಕೆ ಅದೇ ಕೆಂಪಿನ ನಡುಕಟ್ಟು, ಎದೆಯ ಮೇಲೆ ಅಡ್ಡಡ್ಡ ಕಪ್ಪು ಚರ್ಮದ ಪಟ್ಟಿ, ಬರಿಗಾಲು, ಅಂಗಾಲಿಗೆ ಮಾತ್ರ ಚಪ್ಪಲಿ. ಬಂದೂಕುಗಳಲ್ಲಿ ಫ್ರೆಂಚ್ ಮಾದರಿಯವು ಹೆಚ್ಚು. ದರಿಯಾ ದೌಲತ್‌ನ ಗೋಡೆಚಿತ್ರ ನಿಲುವು, ಗುಂಪು, ಗದ್ದಲಕ್ಕೆ ಒಳ್ಳೆಯ ಗುರು. ಆದರೆ ಆ ಗೋಡೆಗೆ ಮತ್ತೆ ಮತ್ತೆ ಬಣ್ಣ ಬಳಿದಿದ್ದಾರೆ, ಅದೊಂದನ್ನೇ ನೆಚ್ಚಿ ಅಂಗಿಯ ಬಣ್ಣ ತೀರ್ಮಾನಿಸಬೇಡಿ.

ಬಟ್ಟೆ ಉಡುವ ಕ್ರಮದಲ್ಲೇ ಬಣ್ಣ ಹಚ್ಚಿ. ಮೊದಲು ಚರ್ಮ, ಆಮೇಲೆ ಅಂಗಿ, ಆಮೇಲೆ ನಡುಕಟ್ಟು, ಪಟ್ಟಿ, ಪೇಟ, ಕೊನೆಗೆ ಬಂದೂಕು. ಒಳಗಿನದಕ್ಕೆ ಹಚ್ಚುವಾಗ ಹೊರಗಿನದಕ್ಕೆ ತಾಗಿದರೂ ಮುಂದಿನ ಬಣ್ಣ ಮುಚ್ಚುತ್ತದೆ.

ಚರ್ಮದ ವಿಷಯದಲ್ಲಿ ವಿದೇಶಿ ವಿಡಿಯೋಗಳನ್ನು ನೋಡಿ ಕಲಿತವರು ಎಡವುತ್ತಾರೆ. ಅಲ್ಲಿ ಬೆಳಕಿನ ಅಂಚಿಗೆ ಬಿಳಿ ಬೆರೆಸಲು ಹೇಳುತ್ತಾರೆ. ಕಂದು ಚರ್ಮಕ್ಕೆ ಬಿಳಿ ಬೆರೆಸಿದರೆ ಮುಖಕ್ಕೆ ಬೂದಿ ಬಳಿದಂತಾಗುತ್ತದೆ. ಗಾಢ ಕಂದಿಗೆ ಸ್ವಲ್ಪ ಕಾವಿ ಬೆರೆಸಿ ತಳದ ಬಣ್ಣ ಮಾಡಿಕೊಳ್ಳಿ. ಕೆನ್ನೆ, ಮೂಗು, ಮೊಣಕಾಲು, ಬೆರಳ ಗೆಣ್ಣುಗಳಿಗೆ ಅದಕ್ಕೇ ಹಳದಿ ಮಣ್ಣಿನ ಬಣ್ಣ ಬೆರೆಸಿ ಏರಿಸಿ. ಎಂಟು ಜನರಲ್ಲಿ ಮೂವರಿಗೆ ಒಂದು ಹನಿ ಕಪ್ಪು ಹೆಚ್ಚು, ಇಬ್ಬರಿಗೆ ಒಂದು ಹನಿ ಹಳದಿ ಹೆಚ್ಚು. ಸಂತೆಯಲ್ಲಿ ನಿಂತು ನೋಡಿ, ಎರಡು ಮುಖ ಒಂದೇ ಬಣ್ಣದಲ್ಲಿ ಇರುವುದಿಲ್ಲ. ಕಣ್ಣುಗುಡ್ಡೆ ಬರೆಯಬೇಡಿ. ಸಾಲಿನಲ್ಲಿ ನಿಂತವನಿಗೆ ಕಣ್ಣಿನ ಗುಳಿಯಲ್ಲಿ ಒಂದು ಗಾಢ ನೆರಳು ಸಾಕು. ಬಿಳಿ ಕಣ್ಣು ಬರೆದರೆ ಮೂರಡಿ ದೂರದಿಂದ ಎಲ್ಲರೂ ಬೆದರಿದವರಂತೆ ಕಾಣುತ್ತಾರೆ. ನಾಲ್ವರು ನಾಯಕರಿಗೆ ಮಾತ್ರ ನಾನು ಕಣ್ಣು ಬರೆದಿದ್ದೇನೆ.

ಅಂಗಿಗೆ ಹಣ್ಣಾದ ನೇರಳೆಯ ಬಣ್ಣ ಎಂದರೆ ಹೆಚ್ಚಾಯಿತು. ಮುತ್ತಿಗೆಯ ಕಾಲದ ಸೈನಿಕನ ಅಂಗಿ ಬಿಸಿಲಿಗೆ, ಬೆವರಿಗೆ ಮಾಸಿರಬೇಕು. ಮೂರು ಪಾಲು ನೇರಳೆಗೆ ಒಂದು ಪಾಲು ಕಂದು ನನ್ನ ಅಳತೆ. ಒಣಗಿದ ಮೇಲೆ ಗಾಢ ಕಂದಿನ ವಾಶ್. ವಾಶ್ ಎಂದರೆ ಮಡಿಕೆಗಳಿಗೆ ಹರಿದು ನೆರಳಾಗುವ ತೆಳು ಬಣ್ಣದ ನೀರು. ಅದನ್ನು ಬಳಿದು ಬಿಟ್ಟುಬಿಡಬೇಡಿ. ಬೆನ್ನಿನ ಮೇಲೆ, ಎದೆಯ ಚಪ್ಪಟೆ ಜಾಗದಲ್ಲಿ ನಿಂತ ಹನಿಯನ್ನು ಒದ್ದೆ ಮಾಡಿ ಹಿಂಡಿದ ಕುಂಚದಿಂದ ಹೀರಿ ತೆಗೆಯಿರಿ, ಇಲ್ಲದಿದ್ದರೆ ಚಹಾದ ಕರೆಯಂತೆ ಉಂಗುರ ಉಳಿಯುತ್ತದೆ. ಆಮೇಲೆ ಮಡಿಕೆಯ ಏರುಗಳಿಗೆ ಮೊದಲಿನ ನೇರಳೆ.

ಈಗ ಚುಕ್ಕಿ. ನನಗೆ ಅತ್ಯಂತ ಪ್ರಿಯವಾದ ಕೆಲಸ ಇದು. ರಂಗೋಲಿ ಹಾಕುವವರಿಗೆ ಸಂದು ಚುಕ್ಕಿ ಗೊತ್ತು. ಮೇಲಿನ ಸಾಲಿನ ಎರಡು ಚುಕ್ಕಿಗಳ ನಡುವೆ ಕೆಳಗಿನ ಸಾಲಿನ ಚುಕ್ಕಿ. ಹುಲಿ ಅಂಗಿಗೂ ಅದೇ ಕ್ರಮ. ಎದೆಗೆ ಮೂರು, ಎರಡು, ಮೂರು. ಬೆನ್ನಿಗೂ ಹಾಗೆಯೇ. ತೋಳಿಗೆ ಎರಡು, ಒಂದು, ಎರಡು. ಪಟ್ಟಿಯ ಕೆಳಗೆ ಬೀಳುವ ಚುಕ್ಕಿಯನ್ನು ಇಟ್ಟು, ಮೇಲೆ ಪಟ್ಟಿ ಬಳಿಯಿರಿ. ಅರ್ಧ ಚುಕ್ಕಿ ಪಟ್ಟಿಯ ಅಂಚಿನಲ್ಲಿ ಇಣುಕಿದರೆ ಅದು ಬಟ್ಟೆಯ ನೇಯ್ಗೆಯಂತೆ ಕಾಣುತ್ತದೆ, ಮೇಲೆ ಅಂಟಿಸಿದಂತೆ ಅಲ್ಲ. ಒಬ್ಬನಿಗೆ ಸುಮಾರು 25 ಚುಕ್ಕಿ, 48 ಜನಕ್ಕೆ 1,200. ಕುಂಚದ ತುದಿಯನ್ನು ಇಟ್ಟು ತುಸು ಕೆಳಕ್ಕೆ ಎಳೆದು ಎತ್ತಿದರೆ ವಜ್ರದ ಆಕಾರ ತಾನೇ ಬರುತ್ತದೆ. ಉಸಿರು ಹೊರಬಿಡುವಾಗ ಇಡಿ, ಎರಡೂ ಮಣಿಕಟ್ಟುಗಳು ಮೇಜಿನ ಅಂಚಿಗೆ ತಾಗಿರಲಿ. ಒಂದು ಚುಕ್ಕಿ ತಪ್ಪಿದರೆ ತಿದ್ದಲು ಹೋಗಬೇಡಿ, ಮುಂದಿನದಕ್ಕೆ ಹೋಗಿ.

ಚುಕ್ಕಿಗೆ ಅಪ್ಪಟ ಬಿಳಿ ಬಳಸಬೇಡಿ. ನಮ್ಮ ಕೆಲಸದಲ್ಲಿ ಹಲ್ಲಿನ ಬಣ್ಣ ಹೊಂದಿಸಲು ಇಟ್ಟುಕೊಳ್ಳುವ ವೀಟಾ ಪಟ್ಟಿಯಲ್ಲಿ 16 ಛಾಯೆಗಳಿವೆ. ಜನ ಎಲ್ಲವನ್ನೂ ಬಿಳಿ ಎಂದೇ ಕರೆಯುತ್ತಾರೆ, ಅದರಲ್ಲಿ ಒಂದೂ ಸುಣ್ಣದ ಬಿಳಿಯಲ್ಲ. ನೇರಳೆಯ ಮೇಲಿನ ಚುಕ್ಕಿಗೆ ಬಿಳಿಯಲ್ಲಿ ಒಂದು ಹನಿ ಮರಳಿನ ಬಣ್ಣ. 33ನೇ ರೆಜಿಮೆಂಟಿನವರ ಎದೆಪಟ್ಟಿಗೆ ತಳದಲ್ಲಿ ತಿಳಿ ಬೂದು, ಮೇಲಂಚಿಗೆ ಮಾತ್ರ ಬಿಳಿ. ಮದ್ರಾಸ್ ಸಿಪಾಯಿಗಳ ಮೊಣಕಾಲ ಮೇಲಿನ ಚಡ್ಡಿಗೆ ಗಂಜಿಯ ಬಣ್ಣದ ಬಿಳಿ. ಮೂರೂ ಬೇರೆಬೇರೆ ಬಿಳಿ, ಮೇಜಿನ ಮೇಲೆ ಮೂರೂ ಬೇರೆಬೇರೆ ಬಟ್ಟೆಯಾಗಿ ಕಾಣುತ್ತವೆ.

ಕೆಂಪಿಗೂ ಇದೇ ಎಚ್ಚರ. ಕೆಂಪಿಗೆ ಬಿಳಿ ಬೆರೆಸಿದರೆ ಗುಲಾಬಿ. ಬೆಳಕಿಗೆ ಕಿತ್ತಳೆ, ನೆರಳಿಗೆ ಗಾಢ ಕಂದು ಬೆರೆಸಿ. 33ನೇ ರೆಜಿಮೆಂಟಿನ ಕೊರಳಪಟ್ಟಿ, ತೋಳಂಚುಗಳೂ ಕೋಟಿನಷ್ಟೇ ಕೆಂಪು. ಹಾಗಾಗಿ ಅವರನ್ನು ಹಚ್ಚುವುದು ಸುಲಭ, ಆದರೆ ಬಿಳಿ ಅಂಚುಗೆರೆ ಅಚ್ಚುಕಟ್ಟಾಗಿಲ್ಲದಿದ್ದರೆ ಎಲ್ಲ ಒಂದೇ ಮುದ್ದೆ. ಮೈಸೂರಿನವರ ಪೇಟದ ಕೆಂಪು ಈ ಕೋಟಿನ ಕೆಂಪಿನಂತಿರಬಾರದು. ನಾನು ಪೇಟಕ್ಕೆ ಕುಂಕುಮದ ಕಡೆಗೆ ವಾಲಿದ ಕೆಂಪು ಇಟ್ಟೆ, ಕೋಟಿಗೆ ಇಟ್ಟಿಗೆಯ ಕಡೆಗೆ ವಾಲಿದ್ದು. ರಾತ್ರಿಯ ಕಾಳಗವೆಂದು ಯಾರಿಗೂ ಕಪ್ಪು ನೀಲಿ ಬಳಿಯಬೇಡಿ. ಇವರೇ ಬೆಳಗಿನ ಆಟಕ್ಕೂ ನಿಲ್ಲಬೇಕು.

ರಾಕೆಟ್‌ಗಳು

ಅಂಗಡಿಯಲ್ಲಿ ಸಿಗುವ ರಾಕೆಟ್‌ಗಾರರ ಕೈಯಲ್ಲಿ ಹಲವು ಸಲ ದೀಪಾವಳಿಯ ಬಾಣದಷ್ಟು ತೆಳುವಾದ ಕಡ್ಡಿ ಇರುತ್ತದೆ. ನಾನು ಅದನ್ನು ಕತ್ತರಿಸಿ ತೆಗೆದು ಹೊಸದು ಮಾಡಿದೆ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನಲ್ಲಿ ಪಾಳುಬಾವಿಯಿಂದ ಆ ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಹೊರಬಂದವು. ಸುಮಾರು ಒಂದು ಗೇಣುದ್ದದ ಕಬ್ಬಿಣದ ಕೊಳವೆಗಳು. ಕಾಗದದ ಕೊಳವೆಗಿಂತ ಕಬ್ಬಿಣ ಹೆಚ್ಚಿನ ಒತ್ತಡ ತಡೆಯುತ್ತದೆ, ಅದಕ್ಕೇ ಅವು ದೂರ ಹಾರುತ್ತಿದ್ದವು. ಅದಕ್ಕೆ ಕಟ್ಟುತ್ತಿದ್ದದ್ದು ಉದ್ದದ ಬಿದಿರು. ನಮ್ಮ 28 ಮಿಲಿಮೀಟರ್ ಅಳತೆಯೆಂದರೆ ಸರಿಸುಮಾರು 56ರಲ್ಲಿ ಒಂದು ಪಾಲು. 25 ಸೆಂಟಿಮೀಟರ್ ಕೊಳವೆ ನಾಲ್ಕೂವರೆ ಮಿಲಿಮೀಟರ್ ಆಗುತ್ತದೆ, ನಾಲ್ಕಡಿ ಬಿದಿರು ಎರಡು ಸೆಂಟಿಮೀಟರ್‌ಗಿಂತ ತುಸು ಹೆಚ್ಚು. ತೆಂಗಿನಕಡ್ಡಿ ಪೊರಕೆಯ ತುದಿಯ ಕಡ್ಡಿ ಬಿದಿರಿಗೆ ತಕ್ಕುದಾಗಿದೆ. ಮುಗಿದ ಬಾಲ್‌ಪೆನ್ ರೀಫಿಲ್‌ನ ತೆಳು ತುಂಡು ಕೊಳವೆಗೆ. ಹೊಲಿಗೆ ದಾರದಿಂದ ಎರಡು ಸುತ್ತು. ಕೊಳವೆಗೆ ಕಪ್ಪು, ಅದರ ಮೇಲೆ ಒಣಕುಂಚದಲ್ಲಿ ಉಕ್ಕಿನ ಬಣ್ಣ. ಒಣಕುಂಚ ಎಂದರೆ ಬಣ್ಣವನ್ನು ಬಟ್ಟೆಗೆ ಒರೆಸಿ ಒರೆಸಿ ಉಳಿದ ಪುಡಿಯಷ್ಟನ್ನು ಏರುಗಳಿಗೆ ಸವರುವುದು. ತುಕ್ಕು ಹಿಡಿಸಬೇಡಿ. ಬಾವಿಯಿಂದ ಬಂದವು ತುಕ್ಕು ಹಿಡಿದಿವೆ, 1799ರಲ್ಲಿ ಅವು ಹೊಸವು.

ಹಾರುತ್ತಿರುವ ರಾಕೆಟ್‌ಗೆ ತಂತಿಯ ಮೇಲೆ ಹತ್ತಿ ಎಳೆದು ಸುತ್ತಿ, ಬುಡಕ್ಕೆ ಹಳದಿ, ಆಮೇಲೆ ಕಿತ್ತಳೆ, ತುದಿಗೆ ಬೂದು. ನಾಲ್ಕು ಮಾಡಿದರೆ ಸಾಕು.

ತೋಪು

ಸೈನಿಕರ ಪೀಠ 40 ಮಿಲಿಮೀಟರ್ ಚೌಕದ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ತುಂಡು, ಒಂದಕ್ಕೆ ನಾಲ್ವರು. ರಾಕೆಟ್‌ನವರು ಇಬ್ಬಿಬ್ಬರು, ನಾಯಕರು ಒಬ್ಬೊಬ್ಬರೇ. ಪೀಠದ ಮಣ್ಣನ್ನು ನಾನು ಶ್ರೀರಂಗಪಟ್ಟಣದ ನಮ್ಮ ಹಳೆಯ ಮನೆಯ ಹಿತ್ತಿಲಿನಿಂದ ತಂದೆ. ಚಹಾ ಸೋಸುವ ಜರಡಿಯಲ್ಲಿ ಜರಡಿ ಹಿಡಿದು, ಹಳೆಯ ಬಾಣಲೆಯಲ್ಲಿ ಹತ್ತು ನಿಮಿಷ ಹುರಿದರೆ ಬೂಷ್ಟು, ಹುಳದ ಭಯವಿಲ್ಲ. ಫೆವಿಕಾಲ್‌ಗೆ ಅರ್ಧ ನೀರು ಬೆರೆಸಿ ಬಳಿದು ಮಣ್ಣು ಉದುರಿಸಿ. ಒಣಗಿದ ಮೇಲೆ ಗಾಢ ಕಂದಿನ ವಾಶ್, ಮರಳಿನ ಬಣ್ಣದ ಒಣಕುಂಚ. ಎರಡೂ ಕಡೆಯವರ ಪೀಠ ಒಂದೇ ಮಣ್ಣಿನದಾಗಿರಲಿ. ಎದುರಾಳಿಗಳಾದರೂ ಅವರು ನಿಂತ ನೆಲ ಒಂದೇ.

ನಾಲ್ಕಡಿ ಚೌಕದ ಪ್ಲೈವುಡ್ ಮೇಲೆ ಅರ್ಧ ಇಂಚಿನ ಥರ್ಮಾಕೋಲ್ ಹಾಸಿ, ಅದರಲ್ಲೇ ಕಾಲುವೆ ಕೊರೆದೆ. ತಳಕ್ಕೆ ಗಾಢ ಹಸಿರು ಮಿಶ್ರಿತ ಕಂದು ಬಳಿದು, ಮೇಲೆ ಹೊಳಪಿನ ವಾರ್ನಿಷ್ ಐದು ಸಲ. ಕಾವೇರಿ ಕಾಲುವೆಯ ನೀರು ನೀಲಿಯಲ್ಲ. ಥರ್ಮಾಕೋಲ್‌ಗೆ ಸ್ಪ್ರೇ ಬಣ್ಣ ನೇರವಾಗಿ ತಾಗಿದರೆ ಕರಗುತ್ತದೆ, ಮೊದಲು ಫೆವಿಕಾಲ್ ಮತ್ತು ಮಣ್ಣಿನ ಪದರ ಹಾಕಿ. ಬಿದಿರು ಮೆಳೆಗೆ ಪೊರಕೆಯ ಹುಲ್ಲು. ತೆಂಗಿನ ಗರಿಗೆ ಕಂದು ಲಕೋಟೆಯ ಕಾಗದ, ನಡುವೆ ಮಡಚಿ ಅಂಚನ್ನು ಕತ್ತರಿಯಿಂದ ಸೀಳಿ. ಮರಗಳನ್ನು ಅಂಟಿಸಿಬಿಡಬೇಡಿ, ಆಟದಲ್ಲಿ ಕೈ ಹೋಗಬೇಕು. ನಾಣ್ಯದ ಮೇಲೆ ಕೂರಿಸಿದರೆ ಎತ್ತಿಡಬಹುದು.

ಆಟಕ್ಕೆ ನಿಮಗೆ ಒಪ್ಪುವ ಯಾವ ನಿಯಮವಾದರೂ ಸರಿ. ರಾತ್ರಿಯ ಆಟಕ್ಕೆ ನಾವು ಮನೆಯಲ್ಲಿ ಎರಡೇ ನಿಯಮ ಸೇರಿಸಿಕೊಂಡಿದ್ದೇವೆ. ಪ್ರತಿ ಸರದಿಯಲ್ಲೂ ಎರಡು ದಾಳ ಎಸೆಯಬೇಕು, ಬಂದಷ್ಟು ಇಂಚು ಮಾತ್ರ ಆ ಸರದಿಯಲ್ಲಿ ಕಣ್ಣಿಗೆ ಕಾಣುತ್ತದೆ. ಕಾಲುವೆ ದಾಟಿದ ಪಡೆ ಮತ್ತೊಂದು ದಾಳ ಎಸೆಯಬೇಕು, ಒಂದು ಅಥವಾ ಎರಡು ಬಿದ್ದರೆ ಸಾಲು ಒಡೆಯಿತು. ಈ ಎರಡು ನಿಯಮಗಳಿಂದಲೇ ಆ ರಾತ್ರಿ ವೆಲ್ಲೆಸ್ಲಿಗೆ ಏನಾಯಿತೆಂದು ಮಕ್ಕಳಿಗೂ ತಿಳಿಯುತ್ತದೆ.

ಇಡುವುದು

ದಸರಾ ಬೊಂಬೆಗಳನ್ನು ಅಮ್ಮ ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ, ನುಸಿಗುಳಿಗೆ ಹಾಕಿ ಇಡುತ್ತಿದ್ದರು. ಈ ಬೊಂಬೆಗಳಿಗೆ ಎರಡೂ ಬೇಡ. ಬಟ್ಟೆ ಬಂದೂಕಿನ ತುದಿಯ ಬಯೊನೆಟ್‌ಗೆ ಸಿಕ್ಕಿಕೊಳ್ಳುತ್ತದೆ, ಗುಳಿಗೆಯ ಆವಿ ಕೆಲವು ಪ್ಲಾಸ್ಟಿಕ್‌ಗಳನ್ನು ಮೆತ್ತಗೆ ಮಾಡುತ್ತದೆ. ಪೀಠದ ಅಡಿಗೆ ತೆಳು ಅಯಸ್ಕಾಂತದ ಹಾಳೆ ಅಂಟಿಸಿ, ತಗಡಿನ ಡಬ್ಬಿಯಲ್ಲಿ ನಿಲ್ಲಿಸಿ. ಕೊಳ್ಳುವಾಗ ಡಬ್ಬಿಗೆ ಅಯಸ್ಕಾಂತ ಹಿಡಿದು ನೋಡಿ, ಹಲವು ಸ್ಟೀಲ್ ಡಬ್ಬಿಗಳಿಗೆ ಅದು ಅಂಟುವುದಿಲ್ಲ. ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಮಳೆಗಾಲದಲ್ಲಿ ಬದಲಾಯಿಸಿ.

ಹೊಸ ಬೊಂಬೆ ಕೊಳ್ಳುವ ವಿಷಯದಲ್ಲಿ ನನ್ನದೊಂದು ಕಟ್ಟುನಿಟ್ಟು. ಕೈಯಲ್ಲಿರುವ ಪಡೆ ವಾರ್ನಿಷ್ ಕಾಣುವವರೆಗೆ ಮುಂದಿನ ಪಡೆಗೆ ಹಣ ಕೊಡುವುದಿಲ್ಲ. ಬಣ್ಣವಿಲ್ಲದ ಲೋಹದ ರಾಶಿ ಮನಸ್ಸಿನ ಮೇಲೆ ಕೂರುತ್ತದೆ, ಕುಂಚ ಹಿಡಿಯುವ ಗಂಟೆಯ ಸಂತೋಷವನ್ನು ಕಸಿಯುತ್ತದೆ.

ಪ್ರತಿ ಪೀಠದ ಅಡಿಯಲ್ಲಿ, ಅಯಸ್ಕಾಂತ ಅಂಟಿಸುವ ಮೊದಲು, ಬಣ್ಣದ ಅಳತೆ ಬರೆಯಿರಿ. ಅದನ್ನೇ ಒಂದು ನೋಟ್‌ಬುಕ್ಕಿನಲ್ಲೂ ಬರೆದಿಡಿ. ನನ್ನದರಲ್ಲಿ "ಮೈ. 2ನೇ ಪಡೆ, ನೇ 3 ಕಂ 1, ಚುಕ್ಕಿ ಬಿ 6 ಮ 1" ಎಂದಿದೆ. ಅಂದರೆ ಮೈಸೂರಿನ ಎರಡನೇ ಪಡೆಗೆ ನೇರಳೆ ಮೂರು ಪಾಲು, ಕಂದು ಒಂದು, ಚುಕ್ಕಿಗೆ ಬಿಳಿ ಆರು, ಮರಳಿನ ಬಣ್ಣ ಒಂದು. ಕಳೆದ ಯುಗಾದಿಯ ದಿನ ಆಡುವಾಗ ಒಬ್ಬ ಮೈಸೂರು ಸಿಪಾಯಿ ಮೇಜಿನಿಂದ ಬಿದ್ದು ತೋಳು ಮುರಿಯಿತು, ಭುಜದಿಂದ ಮೊಣಕೈವರೆಗೆ ಬಣ್ಣ ಎದ್ದಿತು. ಅಣ್ಣನ ಮಗ ತೋಳು ಅಂಟಿಸಿದ, ನಾನು ನೋಟ್‌ಬುಕ್ ತೆರೆದು ಬಣ್ಣ ಕಲಸಿದೆ, ಐದು ಚುಕ್ಕಿ ಇಟ್ಟೆ. ಈಗ ಆ 16 ಜನರಲ್ಲಿ ಮುರಿದವನು ಯಾರೆಂದು ನನಗೂ ಗುರುತು ಸಿಗುವುದಿಲ್ಲ.